ವಯಸ್ಸಿನ ಅಂತರ: ನಂಜನಗೂಡಿನ ನಾಗರತ್ನಮ್ಮನ ಬದುಕು ಏನು ಹೇಳುತ್ತೆ?

ಹೋದ ತಿಂಗಳು ಚಿಕ್ಕಮ್ಮನ ಮನೆಯ ಸತ್ಯನಾರಾಯಣ ಪೂಜೆಗೆಂದು ಸೋಸಲೆಗೆ ಹೋಗಿದ್ದೆ. ಊಟ ಮುಗಿದು, ಬಂದವರೆಲ್ಲ ತಾಂಬೂಲ ತೆಗೆದುಕೊಂಡು ಹೊರಟ ಮೇಲೆ ಚಿಕ್ಕಮ್ಮ ನನ್ನನ್ನು ಮೆಲ್ಲಗೆ ಹಿತ್ತಿಲಿಗೆ ಕರೆದರು. ಪಾತ್ರೆ ತೊಳೆಯೋ ನೆಪ ಅಷ್ಟೇ, ವಿಷಯ ಬೇರೆಯೇ ಇತ್ತು. ಮಗಳು ಒಬ್ಬರನ್ನು ಮೆಚ್ಚಿದ್ದಾಳಂತೆ. ಅವಳಿಗೆ 25, ಅವರಿಗೆ 42! ಮೊದಲ ಮದುವೆ ಮುರಿದು, ಕೋರ್ಟಿನಲ್ಲಿ ವಿಚ್ಛೇದನವೂ ಆಗಿದೆಯಂತೆ. ಮೈಸೂರಿನಲ್ಲಿ ಒಳ್ಳೆ ಕೆಲಸ, ಸ್ವಂತ ಮನೆ, ಕಾರು. ಆದರೆ ಹದಿನೇಳು ವರ್ಷದ ಅಂತರವನ್ನು ನಾಲ್ಕು ಜನರ ಮುಂದೆ ಹೇಗೆ ಹೇಳೋದು ಅನ್ನೋದು ಚಿಕ್ಕಮ್ಮನ ಸಂಕಟ. ಪೇಪರಿಗೆಲ್ಲ ಬರೀತೀಯಲ್ಲ, ನೀನೇ ಅವಳಿಗೆ ಬುದ್ಧಿ ಹೇಳು ಅಂತ ನನ್ನ ಕೈ ಹಿಡಿದುಕೊಂಡರು.

ಬುದ್ಧಿ ಹೇಳೋದು ಸುಲಭ. ಆದರೆ ಏನಂತ ಹೇಳಬೇಕು? ನಮ್ಮ ಅಜ್ಜಿಗೂ ತಾತನಿಗೂ ಎಷ್ಟು ಅಂತರವಿತ್ತು ಅಂತ ಚಿಕ್ಕಮ್ಮನನ್ನೇ ಕೇಳಿದೆ. ಬೆರಳು ಮಡಿಸಿ ಲೆಕ್ಕ ಹಾಕಿದರು. ಹದಿನಾಲ್ಕು! ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಂಜೆ ತಂಗಿಯನ್ನು ಕರೆದುಕೊಂಡು ಹೊಳೆ ಕಡೆ ವಾಕಿಂಗ್ ಹೋದೆ. ಅವಳು ವಾದಕ್ಕೆ ರೆಡಿಯಾಗಿಯೇ ಬಂದಿದ್ದಳು. ನಾನು ವಾದ ಮಾಡಲಿಲ್ಲ, ಒಂದು ಕಥೆ ಹೇಳಿದೆ. ಕಥೆ ಅಂದರೆ ಕಟ್ಟುಕಥೆಯಲ್ಲ, ಇದೇ ಸೀಮೆಯಲ್ಲಿ, ನಂಜನಗೂಡಿನಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳ ಜೀವನ. ತನಗಿಂತ ವಯಸ್ಸಿನಲ್ಲೂ ಹುದ್ದೆಯಲ್ಲೂ ಎಷ್ಟೋ ದೊಡ್ಡವರಾದ ಗಂಡಸರ ನಡುವೆ ಬೆಳೆದು, ಅವರಲ್ಲಿ ಯಾರ ನೆರಳಿನಲ್ಲೂ ಮರೆಯಾಗದೆ ನಿಂತವರು ಅವರು. ಸಂಗೀತ ಲೋಕ ಬೆಂಗಳೂರು ನಾಗರತ್ನಮ್ಮ ಎಂದು ಕರೆಯುವುದು ಅವರನ್ನೇ. ಆ ಕಥೆಯನ್ನೇ ಇವತ್ತು ನಿಮಗೂ ಹೇಳುತ್ತೇನೆ. ಏಕೆಂದರೆ ಚಿಕ್ಕಮ್ಮನ ಮನೆಯ ಪ್ರಶ್ನೆ ಈಗ ಎಷ್ಟೋ ಮನೆಗಳ ಪ್ರಶ್ನೆ, ಅಲ್ಲವೇ?

ಅಪ್ಪನಿಲ್ಲದ ಬಾಲ್ಯ

ನಾಗರತ್ನಮ್ಮ ಹುಟ್ಟಿದ್ದು 1878ರ ನವೆಂಬರ್ 3ರಂದು. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ಹಾಡು ಕುಣಿತಗಳೇ ಆ ಮನೆತನದ ಕಸುಬು. ಹಿಂದಿನವರು ಮೈಸೂರು ಆಸ್ಥಾನದಲ್ಲಿ ಸೇವೆ ಮಾಡಿದವರು. ತಂದೆ ಸುಬ್ಬರಾವ್ ವಕೀಲರು. ಅವರು ಪುಟ್ಟಲಕ್ಷ್ಮಮ್ಮನನ್ನೂ ಕೂಸನ್ನೂ ಕೈಬಿಟ್ಟು ಹೋದರು. ಆ ಕಾಲದಲ್ಲಿ ದೇವದಾಸಿ ಮನೆತನದ ಹೆಣ್ಣಿಗೆ ತಾಳಿಯೂ ಇಲ್ಲ, ಕಾನೂನಿನ ಆಸರೆಯೂ ಇಲ್ಲ. ಉಳ್ಳವರು, ಹೆಚ್ಚಾಗಿ ವಯಸ್ಸಿನಲ್ಲಿ ದೊಡ್ಡವರು, ಮನಸ್ಸಿದ್ದಷ್ಟು ದಿನ ನೋಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ಪದ್ಧತಿ ಎಷ್ಟು ಹೆಣ್ಣುಮಕ್ಕಳ ಬಾಳು ಹಾಳು ಮಾಡಿತು ಅನ್ನೋದು ನಮಗೆಲ್ಲ ಗೊತ್ತೇ ಇದೆ. ಅದರಲ್ಲಿ ಹೊಗಳುವಂಥದ್ದು ಏನೂ ಇಲ್ಲ.

ಹಾಗಾದರೆ ಮದುವೆಯಾದ ಮನೆತನದ ಹೆಣ್ಣುಮಕ್ಕಳು ಸುಖವಾಗಿದ್ದರಾ? ಅದನ್ನೂ ನೋಡಿ. ನಾಗರತ್ನಮ್ಮ ಹುಟ್ಟಿದ ಒಂಬತ್ತು ವರ್ಷಕ್ಕೆ, 1887ರಲ್ಲಿ, ಅದೇ ನಂಜನಗೂಡಿನಲ್ಲಿ ಇನ್ನೊಂದು ಹೆಣ್ಣುಮಗು ಹುಟ್ಟಿತು. ಮುಂದೆ ಕನ್ನಡದ ಮೊದಲ ಲೇಖಕಿಯರಲ್ಲಿ ಒಬ್ಬರಾದ ತಿರುಮಲಾಂಬ. ಅವರಿಗೆ ಹತ್ತನೇ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ! ಮನೆಯಲ್ಲೇ ಓದಿ, 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆ ಶುರು ಮಾಡಿ, ತಾವೇ ಬರೆದು ತಾವೇ ಪ್ರಕಟಿಸಿದರು. ಒಬ್ಬರಿಗೆ ತಾಳಿಯೇ ಇರಲಿಲ್ಲ, ಇನ್ನೊಬ್ಬರ ತಾಳಿ ನಾಲ್ಕು ವರ್ಷವೂ ನಿಲ್ಲಲಿಲ್ಲ. ಇಬ್ಬರ ಕೈ ಹಿಡಿದದ್ದು ಮಾತ್ರ ಒಂದೇ, ಕಲಿತ ವಿದ್ಯೆ.

ಆಗ ವಯಸ್ಸಿನ ಅಂತರ ಅನ್ನೋದು ಎಷ್ಟರಮಟ್ಟಿಗೆ ಇತ್ತೆಂದರೆ ಅದಕ್ಕಾಗಿ ಮೈಸೂರು ಸರ್ಕಾರ ಕಾನೂನನ್ನೇ ತರಬೇಕಾಯಿತು. 1894ರಲ್ಲಿ ಬಂದ ಬಾಲ್ಯವಿವಾಹ ತಡೆ ಕಾಯ್ದೆಯಲ್ಲಿ ಎರಡು ಮುಖ್ಯ ಮಾತುಗಳಿದ್ದವು. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡುವಂತಿಲ್ಲ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವಂತಿಲ್ಲ. ಸ್ವಲ್ಪ ಯೋಚನೆ ಮಾಡಿ... ಇಂಥ ಮದುವೆಗಳು ನಡೆಯುತ್ತಿದ್ದವು ಅಂತಲೇ ತಾನೆ ಕಾನೂನು ಬಂದದ್ದು? ಆ ಹುಡುಗಿಯರನ್ನು ಒಪ್ಪಿಗೆಯಾ ಅಂತ ಕೇಳಿದವರು ಯಾರು? ಹಳೇ ಕಾಲದಲ್ಲಿ ಎಲ್ಲ ಸರಿಯಾಗಿತ್ತು, ಈಗಿನ ಹುಡುಗಿಯರೇ ಕೆಟ್ಟರು ಅನ್ನೋ ಮಾತು ಬಂದಾಗ ನಾವು ಇದನ್ನು ನೆನಪಿಸಿಕೊಳ್ಳಬೇಕು. ನನ್ನ ತಂಗಿಗೆ ಬೇಡ ಅನ್ನುವ ಹಕ್ಕಾದರೂ ಇದೆ. ಅವರಿಗೆ ಅದೂ ಇರಲಿಲ್ಲ.

ಕೈಬಿಟ್ಟವರು, ಕೈಹಿಡಿದ ವಿದ್ಯೆ

ಪುಟ್ಟಲಕ್ಷ್ಮಮ್ಮ ಮಗಳನ್ನು ಕರೆದುಕೊಂಡು ಮೈಸೂರಿಗೆ ಬಂದರು. ಅಲ್ಲಿ ಆಸ್ಥಾನದ ಸಂಸ್ಕೃತ ವಿದ್ವಾಂಸ ಗಿರಿಭಟ್ಟ ತಿಮ್ಮಯ್ಯನವರ ಆಶ್ರಯ ಸಿಕ್ಕಿತು. ಇದೇ ಸೋಸಲೆಯ ಅಯ್ಯಾ ಶಾಸ್ತ್ರಿಗಳಂಥವರು ಇದ್ದ ವಿದ್ವಾಂಸರ ಮೈಸೂರು ಅದು. ಹುಡುಗಿ ಬಹಳ ಚುರುಕು. ಸಂಸ್ಕೃತವೂ ಬಂತು, ಸಂಗೀತವೂ ಬಂತು. ಆದರೆ ಆ ಆಶ್ರಯವೂ ಬಹುಕಾಲ ನಿಲ್ಲಲಿಲ್ಲ. ತಿಮ್ಮಯ್ಯನವರೂ ಹಿಂದೆ ಸರಿದರು. ಅಪ್ಪನ ನಂತರ ನಂಬಿದ ಎರಡನೆಯ ಹಿರಿಯರೂ ಕೈಬಿಟ್ಟ ಹಾಗಾಯಿತು.

ತಾಯಿ ಎದೆಗುಂದಲಿಲ್ಲ. ಮಗಳಿಗೆ ಇನ್ನು ಬೇಕಾದದ್ದು ಇನ್ನೊಬ್ಬ ಪೋಷಕನಲ್ಲ, ಯಾರೂ ಕಸಿದುಕೊಳ್ಳಲಾಗದ ಕಸುಬು. ಬೆಂಗಳೂರಿನಲ್ಲಿ ಪಿಟೀಲು ವಿದ್ವಾಂಸರಾಗಿದ್ದ ಸೋದರಮಾವ ವೆಂಕಟಸ್ವಾಮಪ್ಪನವರ ಮನೆ ಆಸರೆಯಾಯಿತು. ಅಲ್ಲಿ ನಾಗರತ್ನಮ್ಮ ಕನ್ನಡದ ಜೊತೆ ತೆಲುಗು, ಇಂಗ್ಲಿಷ್ ಕಲಿತರು. ಪಿಟೀಲು ಕಲಿತರು. ತ್ಯಾಗರಾಜರ ಶಿಷ್ಯ ಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರ ಹತ್ತಿರ ಹಾಡುಗಾರಿಕೆ, ಕಿಟ್ಟಣ್ಣನವರ ಹತ್ತಿರ ನೃತ್ಯ ಕಲಿತರು. ಮುಂದೆ ಬಿಡಾರಂ ಕೃಷ್ಣಪ್ಪನವರನ್ನೂ ಗುರುವಾಗಿ ಪಡೆದರು. ನಮ್ಮ ತಿರುಮಕೂಡಲಿನ ಪಿಟೀಲು ಚೌಡಯ್ಯನವರು ವರ್ಷಗಟ್ಟಲೆ ಶುಶ್ರೂಷೆ ಮಾಡಿ ಕಲಿತದ್ದೂ ಇದೇ ಕೃಷ್ಣಪ್ಪನವರ ಹತ್ತಿರವೇ.

ಹದಿನೈದರ ಹೊತ್ತಿಗೆ ನಾಗರತ್ನಮ್ಮ ವೇದಿಕೆ ಏರಿದರು. ಮೈಸೂರು ಅರಮನೆಯಲ್ಲಿ ಮನ್ನಣೆ ಸಿಕ್ಕಿತು. ತಿರುವಾಂಕೂರು, ಬೊಬ್ಬಿಲಿ, ವಿಜಯನಗರಂ ಸಂಸ್ಥಾನಗಳಿಂದಲೂ ಕರೆ ಬಂತು. ತುಂಬಿದ ಕಂಠ, ಸ್ಪಷ್ಟ ಉಚ್ಚಾರಣೆ, ಹಾಡುವ ಸಾಹಿತ್ಯದ ಅರ್ಥ ತಿಳಿದು ಹಾಡುವ ಪಾಂಡಿತ್ಯ. ಬರೀ ಚೆಲುವೆಯಾಗಿ ಕೂತಿದ್ದರೆ ಈ ಮರ್ಯಾದೆ ಸಿಗುತ್ತಿತ್ತಾ?

ನರಹರಿರಾಯರ ಸ್ನೇಹ

ಬೆಂಗಳೂರಿನಲ್ಲಿ ನಾಗರತ್ನಮ್ಮನ ಬದುಕಿಗೆ ಬಂದವರು ಜಸ್ಟಿಸ್ ನರಹರಿರಾಯರು. ಮೈಸೂರು ಸಂಸ್ಥಾನದ ಉನ್ನತ ನ್ಯಾಯಾಲಯದ ನ್ಯಾಯಾಧೀಶರು. ಹನುಮಂತನಗರದ ಕುಮಾರಸ್ವಾಮಿ ದೇವಸ್ಥಾನಕ್ಕೆ ಹೋದವರಿಗೆ ಆ ಗುಡ್ಡದ ಹೆಸರು ಗೊತ್ತಿರುತ್ತೆ, ನರಹರಿರಾಯನ ಗುಡ್ಡ. ಮೌಂಟ್ ಜಾಯ್ ಅಂತಲೂ ಕರೀತಾರೆ. ಆ ಗುಡ್ಡ ಹೊತ್ತಿರುವುದು ಇವರ ಹೆಸರನ್ನೇ.

ಒಂದು ಕಡೆ ಕೋರ್ಟಿನ ಪೀಠದಲ್ಲಿ ಕೂರುವ ಹಿರಿಯ, ಸಮಾಜದಲ್ಲಿ ದೊಡ್ಡ ಹೆಸರು. ಇನ್ನೊಂದು ಕಡೆ ಆಗಷ್ಟೇ ಬೆಳಕಿಗೆ ಬರುತ್ತಿದ್ದ ಕಲಾವಿದೆ, ಅದೂ ದೇವದಾಸಿ ಮನೆತನದವಳು. ವಯಸ್ಸು, ಅಧಿಕಾರ, ಹಣ, ಜಾತಿ... ಯಾವ ತಕ್ಕಡಿಯಲ್ಲಿ ತೂಗಿದರೂ ತೂಕ ರಾಯರ ಕಡೆಗೇ. ಅವರು ಮನಸ್ಸು ಮಾಡಿದ್ದರೆ ನಾಗರತ್ನಮ್ಮನನ್ನು ಬೆಂಗಳೂರಿನಲ್ಲೇ ಒಂದು ಮನೆ ಮಾಡಿ ಇಟ್ಟು, ತಮ್ಮ ಆಪ್ತರ ಬೈಠಕ್ಕಿಗೆ ಮಾತ್ರ ಹಾಡಿಸಿಕೊಂಡು ಇರಬಹುದಿತ್ತು. ಆ ಕಾಲದ ಎಷ್ಟೋ ದೊಡ್ಡ ಮನುಷ್ಯರು ಹಾಗೇ ಮಾಡಿದರು. ಆ ಹೆಣ್ಣುಮಕ್ಕಳ ಹೆಸರು ಇವತ್ತು ಯಾರಿಗೂ ಗೊತ್ತಿಲ್ಲ.

ನರಹರಿರಾಯರು ಹಾಗೆ ಮಾಡಲಿಲ್ಲ. ನಿನ್ನ ವಿದ್ಯೆ ಬೆಳೆಯಬೇಕಾದರೆ ಮದ್ರಾಸಿಗೆ ಹೋಗು ಅಂತ ಸಲಹೆ ಕೊಟ್ಟವರು ಅವರೇ. ಕರ್ನಾಟಕ ಸಂಗೀತದ ದೊಡ್ಡ ದೊಡ್ಡ ವಿದ್ವಾಂಸರು, ರಸಿಕರು, ಸಭೆಗಳು ಇದ್ದದ್ದು ಅಲ್ಲಿ. ಹೋದರೆ ತಮ್ಮಿಂದ ದೂರವಾಗುತ್ತಾಳೆ ಅನ್ನೋದು ರಾಯರಿಗೆ ಗೊತ್ತಿರಲಿಲ್ಲವಾ? ಗೊತ್ತಿದ್ದೂ ಹೇಳಿದರು. ಇಡೀ ಕಥೆಯಲ್ಲಿ ನನಗೆ ಮನಸ್ಸಿಗೆ ನಾಟಿದ್ದು ಇದೇ. ಹಿರಿಯನ ಪ್ರೀತಿ ಕಿರಿಯಳನ್ನು ಮನೆಯೊಳಗೆ ಕೂರಿಸುತ್ತಾ, ಇಲ್ಲ ಬಾಗಿಲು ತೆಗೆದು ಹೋಗಿ ಬಾ ಅನ್ನುತ್ತಾ?

ಇಷ್ಟು ಹೇಳುವಾಗ ನನ್ನ ತಂಗಿ ತಲೆ ಬಗ್ಗಿಸಿ ಕಾಲಿನಿಂದ ಮರಳು ಕೆದಕುತ್ತಾ ಇದ್ದಳು. ಯಾಕೆ ಅಂತ ಆಮೇಲೆ ಗೊತ್ತಾಯಿತು.

ಮದ್ರಾಸಿನಲ್ಲಿ ಸ್ವಂತ ದುಡಿಮೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಗರತ್ನಮ್ಮ ಮದ್ರಾಸು ಸೇರಿದರು. ಹೊಸ ಊರು, ಹೊಸ ಜನ. ಹೆಸರಿನ ಹಿಂದೆ ಬೆಂಗಳೂರು ಅಂತ ಸೇರಿದ್ದು ಆಗಲೇ. ಶುರುವಿನಲ್ಲಿ ರಾಜರತ್ನ ಮೊದಲಿಯಾರ್ ಎಂಬ ಶ್ರೀಮಂತ ವ್ಯಾಪಾರಿಯ ಬೆಂಬಲವಿತ್ತು. ಆದರೆ ಅವರು ಬೆಂಬಲವನ್ನು ಊರುಗೋಲಾಗಿ ಇಟ್ಟುಕೊಂಡರೇ ಹೊರತು ಅದರ ಮೇಲೆ ಮಲಗಲಿಲ್ಲ. ಮದುವೆ ಮನೆ, ಜಮೀನ್ದಾರರ ಮನೆ, ಸಭೆ ಎಂದು ಊರೂರಿನಲ್ಲಿ ಸಾವಿರಕ್ಕೂ ಹೆಚ್ಚು ಕಚೇರಿ ಮಾಡಿದರು. ಗ್ರಾಮೊಫೋನ್ ಹೊಸದಾಗಿ ಬಂದಾಗ ಅದರಲ್ಲೂ ಹಾಡಿದರು. ಅವರ ತಟ್ಟೆಗಳು ಮನೆಮನೆಗೆ ಹೋದವು. ಮದ್ರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಕಲಾವಿದೆ ಎಂದು ಅವರನ್ನು ಕರೆಯುತ್ತಾರೆ. ಅಂದರೆ ಸಂಪಾದನೆ ಅವರದು, ಲೆಕ್ಕ ಅವರದು, ಖರ್ಚಿನ ತೀರ್ಮಾನವೂ ಅವರದೇ!

ನಮ್ಮಲ್ಲಿ ಎಷ್ಟು ಜನಕ್ಕೆ ಮನೆಯ ಕಾಗದಪತ್ರ ಯಾರ ಹೆಸರಿನಲ್ಲಿದೆ ಅಂತ ಗೊತ್ತು? ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಲ್ಲೂ ಎಟಿಎಂ ಕಾರ್ಡನ್ನು ಗಂಡನ ಕೈಗೆ ಕೊಟ್ಟು ಸುಮ್ಮನಿರುವವರು ಇದ್ದಾರೆ. ಗಂಡ ಐದು ವರ್ಷ ದೊಡ್ಡವನಾದರೂ, ಇಪ್ಪತ್ತು ವರ್ಷ ದೊಡ್ಡವನಾದರೂ ಇದು ಸರಿಯಲ್ಲ. ಅಂತರ ಜಾಸ್ತಿಯಾದಷ್ಟೂ ಇದು ಇನ್ನೂ ಮುಖ್ಯ. ಯಾಕೆಂದರೆ ನಿನಗಿಂತ ನನಗೆ ಚೆನ್ನಾಗಿ ಗೊತ್ತು ಅನ್ನೋ ಮಾತು ಅಂಥ ಮನೆಯಲ್ಲಿ ಬಹಳ ಸಲೀಸಾಗಿ ಬಂದುಬಿಡುತ್ತೆ.

ರಾಧೆಗೆ ವಯಸ್ಸಾಗಿತ್ತು!

ಈಗ ಇನ್ನೊಂದು ಮುಖ ನೋಡೋಣ. ಗಂಡು ದೊಡ್ಡವನಾದರೆ ಜನ ಎರಡು ದಿನ ಮಾತಾಡಿ ಸುಮ್ಮನಾಗುತ್ತಾರೆ. ಹೆಣ್ಣು ದೊಡ್ಡವಳಾದರೆ? ನನ್ನ ಗೆಳತಿಯೊಬ್ಬಳು ಗಂಡನಿಗಿಂತ ನಾಲ್ಕು ವರ್ಷ ದೊಡ್ಡವಳು. ಮದುವೆಯಾಗಿ ಹನ್ನೊಂದು ವರ್ಷವಾಯಿತು. ಇವತ್ತಿಗೂ ಅತ್ತೆ ಮನೆಯ ನೆಂಟರ ಮುಂದೆ ಹುಟ್ಟಿದ ವರ್ಷ ಹೇಳೋಲ್ಲ. ಎಸ್ಎಸ್ಎಲ್‌ಸಿ ಯಾವ ವರ್ಷ ಅಂತ ಯಾರಾದರೂ ಕೇಳಿದರೆ ಕಾಫಿ ತರ್ತೀನಿ ಅಂತ ಅಡಿಗೆ ಮನೆಗೆ ಎದ್ದು ಹೋಗುತ್ತಾಳೆ. ಒಳ್ಳೆಯ ಸಂಸಾರ, ಮುದ್ದಾದ ಮಗ, ಆದರೂ ಈ ಅಂಜಿಕೆ!

ನಾಗರತ್ನಮ್ಮ ಈ ಅಂಜಿಕೆಯನ್ನೇ ಎದುರು ಹಾಕಿಕೊಂಡರು ಅಂದರೆ ತಪ್ಪಾಗಲಾರದು. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹ ರಾಜನ ಆಸ್ಥಾನದಲ್ಲಿ ಮುದ್ದುಪಳನಿ ಎಂಬ ಕವಯಿತ್ರಿ ಇದ್ದಳು. ತೆಲುಗಿನಲ್ಲಿ ರಾಧಿಕಾ ಸಾಂತ್ವನಮು ಎಂಬ ಕಾವ್ಯ ಬರೆದಳು. ಅದರಲ್ಲಿ ರಾಧೆ ಕೃಷ್ಣನಿಗಿಂತ ದೊಡ್ಡವಳು. ಇಳಾ ಎಂಬ ಹುಡುಗಿಯನ್ನು ತಾನೇ ಸಾಕಿ ಬೆಳೆಸಿ, ಕೃಷ್ಣನಿಗೆ ಕೊಟ್ಟು ಮದುವೆ ಮಾಡಿಸುತ್ತಾಳೆ. ಮದುಮಗಳಿಗೂ ಮದುಮಗನಿಗೂ ತಾನೇ ಬುದ್ಧಿಮಾತು ಹೇಳಿ ಕಳಿಸುತ್ತಾಳೆ. ಆಮೇಲೆ ಕೃಷ್ಣ ಎಳೆಯ ಹೆಂಡತಿಯಲ್ಲೇ ಮುಳುಗಿ ತನ್ನನ್ನು ಮರೆತಾಗ ಸಂಕಟದಿಂದ ಒದ್ದಾಡುತ್ತಾಳೆ, ಸಿಟ್ಟಾಗುತ್ತಾಳೆ. ಕೊನೆಗೆ ಕೃಷ್ಣನೇ ಬಂದು ಅವಳನ್ನು ಸಮಾಧಾನ ಮಾಡಬೇಕಾಗುತ್ತದೆ. ವಯಸ್ಸು ಮೀರಿದ ಹೆಣ್ಣಿಗೂ ಆಸೆ ಇರುತ್ತೆ, ಅಭಿಮಾನ ಇರುತ್ತೆ, ಅವಳನ್ನೂ ಓಲೈಸಬೇಕು ಅನ್ನೋದನ್ನು ಸುಮಾರು ಇನ್ನೂರೈವತ್ತು ವರ್ಷದ ಹಿಂದೆ ಒಬ್ಬ ಹೆಣ್ಣೇ ಬರೆದಿದ್ದಳು!

ತೆಲುಗಿನ ದೊಡ್ಡ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರಿಗೆ ಇದು ಸರಿಬರಲಿಲ್ಲ. ಹೆಂಗಸಿನ ಬಾಯಲ್ಲಿ ಬರುವಂಥ ಮಾತಲ್ಲ ಅಂತ ಕಾವ್ಯವನ್ನೂ ಬರೆದವಳನ್ನೂ ಜರೆದರು. ಆ ಹೊತ್ತಿಗೆ ಅಚ್ಚಾಗಿದ್ದ ಪ್ರತಿಯಲ್ಲಿ ಎಷ್ಟೋ ಭಾಗ ಬಿಟ್ಟುಹೋಗಿತ್ತು. ನಾಗರತ್ನಮ್ಮ ಹಳೆಯ ಪ್ರತಿ ಹುಡುಕಿ, ಬಿಟ್ಟದ್ದನ್ನೆಲ್ಲ ಸೇರಿಸಿ, 1910ರಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅವರ ಪ್ರಕಾಶನದಿಂದ ಹೊರತಂದರು. ಮುನ್ನುಡಿಯಲ್ಲಿ ನೇರವಾಗಿಯೇ ಕೇಳಿದರು, ನಾಚಿಕೆ ಅನ್ನೋದು ಹೆಂಗಸರಿಗೆ ಮಾತ್ರವಾ ಅಂತ. ಗಂಡಸರು ಬರೆದರೆ ಶೃಂಗಾರ, ಹೆಣ್ಣು ಬರೆದರೆ ಅಶ್ಲೀಲ ಆಗೋದು ಹೇಗೆ ಅನ್ನೋದು ಅವರ ವಾದ.

ಪುಸ್ತಕ ಬಂದದ್ದೇ ದೊಡ್ಡ ಗಲಾಟೆಯಾಯಿತು. 1911ರಲ್ಲಿ ಸರ್ಕಾರ ಅಶ್ಲೀಲ ಅಂತ ನಿಷೇಧ ಹಾಕಿ, ಪೊಲೀಸರು ಪ್ರತಿಗಳನ್ನು ಎತ್ತಿಕೊಂಡು ಹೋದರು. ಆ ನಿಷೇಧ ಹೋದದ್ದು 1947ರಲ್ಲಿ. ಆಗ ನಾಗರತ್ನಮ್ಮನಿಗೆ ಎಪ್ಪತ್ತರ ಹತ್ತಿರ. ಮೂವತ್ತಾರು ವರ್ಷ ಕಾದರೂ ತಾವು ಮಾಡಿದ್ದು ತಪ್ಪು ಅಂತ ಅವರು ಒಪ್ಪಲಿಲ್ಲ. ನನ್ನ ಗೆಳತಿ ನಾಲ್ಕು ವರ್ಷದ ಅಂತರಕ್ಕೆ ಇನ್ನೆಷ್ಟು ದಿನ ಅಡಿಗೆ ಮನೆಗೆ ಓಡಬೇಕು, ನೀವೇ ಹೇಳಿ?

ಎಲ್ಲ ಕೊಟ್ಟ ಮೇಲೂ ಹಕ್ಕು ಬಿಡಲಿಲ್ಲ

1921ರಲ್ಲಿ ಗುರು ಬಿಡಾರಂ ಕೃಷ್ಣಪ್ಪನವರ ಕಾಗದ ಬಂತು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ನೋಡುವವರಿಲ್ಲದೆ ಪಾಳುಬಿದ್ದಿದೆ ಅಂತ. ನಾಗರತ್ನಮ್ಮ ಹೋಗಿ ನೋಡಿದರು. ತಾವು ದುಡಿದದ್ದನ್ನೆಲ್ಲ ಅದಕ್ಕೇ ಸುರಿದರು. ಜಾಗ ಮಾಡಿಸಿಕೊಂಡು, ಗುಡಿ ಕಟ್ಟಿಸಿ, 1925ರಲ್ಲಿ ಪ್ರತಿಷ್ಠೆ ಮಾಡಿಸಿದರು.

ಆದರೆ ಗುಡಿ ಕಟ್ಟಿಸಿದವರಿಗೇ ಅಲ್ಲಿ ಹಾಡಲು ಅವಕಾಶವಿರಲಿಲ್ಲ! ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿಲ್ಲ ಅಂತ ಗಂಡಸರ ಎರಡು ಗುಂಪುಗಳೂ ಹೇಳಿದವು. ಅವರು ಅಳುತ್ತಾ ಮನೆಗೆ ಹೋಗಲಿಲ್ಲ. 1927ರಲ್ಲಿ ಹೆಣ್ಣುಮಕ್ಕಳದೇ ಒಂದು ಗುಂಪು ಕಟ್ಟಿ, ಸಮಾಧಿಯ ಹಿಂಭಾಗದಲ್ಲಿ ಬೇರೆಯಾಗಿ ಆರಾಧನೆ ಶುರು ಮಾಡಿದರು. ಕೊನೆಗೆ 1940ರ ಸುಮಾರಿಗೆ ಮೂರೂ ಗುಂಪು ಒಂದಾದವು. ಇವತ್ತು ತಿರುವಯ್ಯಾರಿನಲ್ಲಿ ಸಾವಿರಾರು ಕಂಠ ಒಟ್ಟಿಗೆ ಪಂಚರತ್ನ ಕೃತಿ ಹಾಡುವುದನ್ನು ಟಿವಿಯಲ್ಲಿ ನೋಡ್ತೀವಲ್ಲ, ಅಲ್ಲಿ ರೇಷ್ಮೆ ಸೀರೆಯುಟ್ಟು ಕೂತು ಹಾಡುವ ಹೆಣ್ಣುಮಕ್ಕಳಿಗೆ ಆ ಜಾಗ ಪುಕ್ಕಟೆ ಸಿಕ್ಕಿದ್ದಲ್ಲ.

ಕೊನೆಯ ವರ್ಷಗಳನ್ನು ಅವರು ತಿರುವಯ್ಯಾರಿನಲ್ಲೇ ಕಳೆದರು. ಆಸ್ತಿಯನ್ನು ಅಲ್ಲಿನ ಸೇವೆಗೇ ಬರೆದುಕೊಟ್ಟರು. ಆದರೆ ಹೆಣ್ಣುಮಕ್ಕಳಿಗೆ, ದೇವದಾಸಿ ಮನೆತನದವರಿಗೂ ಸೇರಿ, ಹಾಡುವ ಹಕ್ಕು ಇರಲೇಬೇಕು ಅನ್ನೋ ಷರತ್ತನ್ನು ಕಾಗದದಲ್ಲಿ ಹಾಕಿಯೇ ಕೊಟ್ಟರು. ಬಾಯಿಮಾತಿನ ಭರವಸೆ ಎಷ್ಟು ದಿನ ಬಾಳುತ್ತೆ ಅನ್ನೋದು ಅವರಿಗೆ ಎಳವೆಯಲ್ಲೇ ಗೊತ್ತಾಗಿತ್ತಲ್ಲ! 1952ರ ಮೇ 19ರಂದು ತೀರಿಕೊಂಡರು. ತ್ಯಾಗರಾಜರ ಸಮಾಧಿಯ ಎದುರಿಗೇ ಅವರ ಸಮಾಧಿಯೂ ಇದೆ, ಕೈಮುಗಿದು ಕೂತ ವಿಗ್ರಹವೂ ಇದೆ. ಬೆಂಗಳೂರಿನ ಗುಡ್ಡ ಜಡ್ಜ್ ಸಾಹೇಬರ ಹೆಸರು ಉಳಿಸಿದೆ ನಿಜ. ನಾಗರತ್ನಮ್ಮ ಮಾತ್ರ ಯಾರ ಪಕ್ಕದಲ್ಲೂ ಅಲ್ಲ, ತಮ್ಮ ಹೆಸರಿನಲ್ಲೇ ಉಳಿದರು.

ತಂಗಿ ಹೇಳಿದ ಮಾತು

ಕಥೆ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ವಾಪಸ್ ಬರುವಾಗ ತಂಗಿ ತಾನಾಗಿ ಬಾಯಿಬಿಟ್ಟಳು. ಬ್ಯಾಂಕ್ ಪರೀಕ್ಷೆ ಪಾಸಾಗಿದ್ದಾಳಂತೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಟ್ರೈನಿಂಗೂ ಮೊದಲ ಪೋಸ್ಟಿಂಗೂ ಬೇರೆ ಊರಿಗೆ ಬೀಳಬಹುದು. ಅದನ್ನು ಅವರಿಗೆ ಹೇಳಿದಾಗ, ನನ್ನ ಸಂಬಳ ಸಾಲದಾ, ನೀನ್ಯಾಕೆ ಊರೂರು ಅಲೆಯಬೇಕು, ಆರಾಮಾಗಿ ಮನೇಲಿರು ಅಂದರಂತೆ. ಅವಳಿಗೆ ಆಗ ಅದು ಬರೀ ಪ್ರೀತಿಯಾಗಿ ಕೇಳಿಸಿತ್ತು. ಈಗ ಸ್ವಲ್ಪ ಬೇರೆಯಾಗಿ ಕೇಳಿಸ್ತಿದೆ ಅಕ್ಕ, ಅಂದಳು.

ಅದು ಪ್ರೀತಿಯಲ್ಲ ಅಂತ ನಾನು ಹೇಳಲಿಲ್ಲ. ಪ್ರೀತಿಯೇ ಇರಬಹುದು. ಆದರೆ ಒಂದು ಸಲ ಕೂರಿಸಿಕೊಂಡು ಕೇಳು ಅಂದೆ. ನಾನು ಎರಡು ವರ್ಷ ಬೇರೆ ಊರಿಗೆ ಕೆಲಸಕ್ಕೆ ಹೋಗ್ತೀನಿ, ನೀವು ಕಾಯ್ತೀರಾ ಅಂತ. ಹದಿನೇಳು ವರ್ಷ ದೊಡ್ಡವರಲ್ಲವಾ, ಎರಡು ವರ್ಷ ಕಾಯೋದು ಅವರಿಗೇನು ಕಷ್ಟ? ಅವರ ಉತ್ತರವೇ ನಿನ್ನ ಪ್ರಶ್ನೆಗೂ ಉತ್ತರ ಅಂದೆ.

ಚಿಕ್ಕಮ್ಮನಿಗೂ ಒಂದು ಮಾತು ಹೇಳಿ ಬಂದೆ. ಮಗಳನ್ನು ಗದರಿಸಿ ಕೋಣೆಗೆ ಹಾಕಿದರೆ ಅವಳು ಆ ವ್ಯಕ್ತಿಯ ಕಡೆಗೇ ಓಡುತ್ತಾಳೆ. ಅವಳಿಗೆ ಬೇರೆಲ್ಲೂ ಜಾಗವೇ ಇಲ್ಲದ ಹಾಗೆ ಮಾಡಬೇಡಿ. ಅವರನ್ನೇ ಒಂದು ದಿನ ಊಟಕ್ಕೆ ಕರೆಯಿರಿ, ಕೂತು ಮಾತಾಡಿ.

ತೀರ್ಮಾನಕ್ಕೆ ಮೊದಲು ಇವಿಷ್ಟು ನೋಡಿ

ನಿಮ್ಮ ಮನೆಯಲ್ಲೂ ಇಂಥ ಪ್ರಸಂಗ ಬಂದರೆ, ವರ್ಷ ಎಣಿಸುವ ಮೊದಲು ಈ ವಿಷಯಗಳನ್ನು ಕೂತು ಮಾತಾಡಿ:

* ಓದು, ಕೆಲಸ ಮುಂದುವರಿಸುವ ಬಗ್ಗೆ ಮದುವೆಗೆ ಮೊದಲೇ ಸ್ಪಷ್ಟವಾಗಿರಲಿ. ಆಮೇಲೆ ನೋಡೋಣ ಅನ್ನೋದನ್ನು ಉತ್ತರ ಅಂತ ತಿಳಿಯಬೇಡಿ.

* ಆತನಿಗೆ ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಕೋರ್ಟ್ ಆದೇಶವನ್ನು ಕಣ್ಣಾರೆ ನೋಡಿ. ಮೊದಲ ಮದುವೆ ಊರ್ಜಿತವಾಗಿರುವಾಗ ಆದ ಎರಡನೆಯ ಮದುವೆಗೆ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಬೆಲೆಯಿಲ್ಲ. ಮೊದಲ ಮದುವೆಯ ಮಕ್ಕಳಿದ್ದರೆ ಅವರ ಜವಾಬ್ದಾರಿ ಯಾರದು, ಎಷ್ಟು ಅನ್ನೋದೂ ತಿಳಿದಿರಲಿ.

* ಮದುವೆಯನ್ನು ತಪ್ಪದೆ ನೋಂದಣಿ ಮಾಡಿಸಿ. ನಿಮ್ಮ ಹೆಸರಿನಲ್ಲೇ ಬ್ಯಾಂಕ್ ಖಾತೆ ಇರಲಿ. ಮನೆ, ವಿಮೆ, ಪಿಎಫ್‌ಗಳಲ್ಲಿ ನಾಮಿನಿ ಯಾರು ಅಂತ ಕೇಳಲು ಸಂಕೋಚ ಬೇಡ. ಗಂಡ ಬಹಳ ದೊಡ್ಡವರಾದರೆ ಹೆಂಡತಿ ಕೊನೆಯ ಎಷ್ಟೋ ವರ್ಷ ಒಬ್ಬಳೇ ಇರಬೇಕಾಗಬಹುದು. ಕಹಿಯಾದರೂ ನಿಜ.

* ಮಕ್ಕಳು ಯಾವಾಗ, ಬೇಕಾ ಬೇಡವಾ ಅನ್ನೋದನ್ನು ಮುಚ್ಚುಮರೆಯಿಲ್ಲದೆ ಮಾತಾಡಿ. ಹುಡುಗಿ ದೊಡ್ಡವಳಾಗಿದ್ದರೂ, ಹುಡುಗ ದೊಡ್ಡವನಾಗಿದ್ದರೂ ಡಾಕ್ಟರ ಹತ್ತಿರ ಒಂದು ಸಲ ಇಬ್ಬರೂ ಒಟ್ಟಿಗೆ ಹೋಗಿಬನ್ನಿ.

* ನಿಮ್ಮ ಗೆಳತಿಯರು, ಅಣ್ಣತಮ್ಮಂದಿರು, ತವರಿನವರ ಜೊತೆ ನೀವು ಒಡನಾಡುವುದು ಆತನಿಗೆ ಇಷ್ಟವಾಗುತ್ತಾ? ಒಬ್ಬೊಬ್ಬರನ್ನೇ ದೂರ ಮಾಡಿಸುತ್ತಿದ್ದರೆ ಎಚ್ಚರ!

* ಹುಡುಗಿಗೆ ಹದಿನೆಂಟು ತುಂಬಿಲ್ಲ ಅಂದರೆ ಯೋಚನೆಯೇ ಬೇಡ. ಅದು ಕಾನೂನಿಗೆ ವಿರುದ್ಧ, ಪ್ರೀತಿ ಅಂದರೂ ಅಷ್ಟೇ, ಮದುವೆ ಅಂದರೂ ಅಷ್ಟೇ.

* ಹೆಣ್ಣು ದೊಡ್ಡವಳಾಗಿದ್ದರೆ ವಯಸ್ಸು ಮುಚ್ಚಿಡಬೇಡಿ. ನೀವು ಮುಚ್ಚಿಟ್ಟಷ್ಟೂ ಜನ ಕೆದಕುತ್ತಾರೆ. ನಗುತ್ತಾ ಒಂದು ಸಲ ಹೇಳಿಬಿಡಿ, ಮಾತು ಅಲ್ಲಿಗೇ ನಿಲ್ಲುತ್ತೆ.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಬ್ಯಾಂಕಿನ ವಿಷಯ ಮನೆಯಲ್ಲಿ ಹೇಳಿದಳಂತೆ. ಚಿಕ್ಕಮ್ಮ ಪಾಯಸ ಮಾಡಿದರಂತೆ. ಅವರನ್ನು ಕೇಳಿದೆಯಾ ಅಂದೆ. ಕೇಳಿದ್ದೀನಿ ಅಕ್ಕ, ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ ಅಂದಳು. ಟ್ರೈನಿಂಗಿಗೆ ಸೂಟ್‌ಕೇಸ್ ಕೊಳ್ಳಬೇಕು, ಶನಿವಾರ ಮೈಸೂರಿಗೆ ಬರ್ತೀನಿ, ಜೊತೆಗೆ ಬಾ ಅಂತಲೂ ಅಂದಳು. ಅವರ ಉತ್ತರ ಏನೇ ಬರಲಿ, ಸೂಟ್‌ಕೇಸಂತೂ ಕೊಂಡುಕೊಂಡು ಬರೋಣ ಅಂದೆ.